ಟೆರೇಸಿಗೆ ಹೋದರೆ ಹದ್ದು ತಲೆಗೆ ಹೊಡೆಯುತ್ತಿದೆ, ಈಗ ಮರಿ ಬೇರೆ ಕೆಳಗೆ ಬಿದ್ದಿದೆ. ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ರಾಜಾಜಿನಗರದಲ್ಲಿ ಎರಡು ಅಂತಸ್ತಿನ ಮನೆ. ಪಕ್ಕದ ಪಾರ್ಕಿನ ಸಿಲ್ವರ್ ಓಕ್ ಮರದಲ್ಲಿ ಹದ್ದು ಗೂಡು ಕಟ್ಟಿದೆ. ನಮ್ಮ ಟೆರೇಸಿನಿಂದ ಹದಿನೈದು-ಇಪ್ಪತ್ತು ಅಡಿ ಇರಬಹುದು. ಒಂದು ತಿಂಗಳಿಂದ ನಮ್ಮ ಮಾವ ಕುಂಡಗಳಿಗೆ ನೀರು ಹಾಕಲು ಹೋದರೆ ಸಾಕು, ಹಿಂದಿನಿಂದ ಬಂದು ತಲೆಗೆ ಹೊಡೆಯುತ್ತದೆ. ಎರಡು ಸಲ ರಕ್ತ ಬಂದಿದೆ. ಅವರಿಗೆ ಎಪ್ಪತ್ತನಾಲ್ಕು ವರ್ಷ, ಶುಗರ್ ಇದೆ. ವಿಚಿತ್ರ ಅಂದರೆ ನಾನು ಬಟ್ಟೆ ಒಣಗಿಸಲು ಹೋದರೆ ಅದು ಬರುವುದಿಲ್ಲ. ಹದ್ದು ತಲೆಗೆ ಬಡಿದರೆ ಮನೆಗೆ ಕೇಡು ಅಂತ ನಮ್ಮತ್ತೆ ಹೆದರಿದ್ದಾರೆ. ರೇಬೀಸ್ ಇಂಜೆಕ್ಷನ್ ಹಾಕಿಸಿ ಅಂತ ಒಬ್ಬರು, ಪಟಾಕಿ ಹೊಡೆದು ಓಡಿಸಿ ಅಂತ ಇನ್ನೊಬ್ಬರು, ಕೊಂಬೆಯನ್ನೇ ಕಡಿಸಿ ಅಂತ ಮತ್ತೊಬ್ಬರು. ಹಿಂದಿನ ಮನೆಯವರು ಪುಣ್ಯ ಅಂತ ಭಾನುವಾರ ಭಾನುವಾರ ಹದ್ದುಗಳಿಗೆ ಕೋಳಿ ಚೂರು ಎಸೆಯುತ್ತಾರೆ. ಈಗ ನಿನ್ನೆ ಒಂದು ಮರಿ ನಮ್ಮ ಟೆರೇಸಿನಲ್ಲೇ ಬಿದ್ದಿತ್ತು. ರಟ್ಟಿನ ಡಬ್ಬದಲ್ಲಿಟ್ಟು ಬಾತ್‌ರೂಮಿನಲ್ಲಿ ಇಟ್ಟಿದ್ದೇನೆ. ಹಾಲಿನಲ್ಲಿ ಬ್ರೆಡ್ ನೆನೆಸಿ ಕೊಟ್ಟೆ, ಫಿಲ್ಲರಿನಲ್ಲಿ ನೀರು ಹಾಕಿದೆ. ನಾವು ಮುಟ್ಟಿದ್ದಕ್ಕೆ ತಾಯಿ ಸೇರಿಸುವುದಿಲ್ಲ ಅಂತಾರೆ, ಹಾಗಾದರೆ ನಾವೇ ಸಾಕಬಹುದಾ? ಫೋಟೋ ಕಳಿಸಿದ್ದೇನೆ.

ಉತ್ತರ: ಮರಿಯ ವಿಷಯ ಕಾಯುವಂಥದ್ದಲ್ಲ. ಅದಕ್ಕೇ ಆವತ್ತೇ ಫೋನ್ ಮಾಡಿ ಹಾಲು, ನೀರು ಎರಡನ್ನೂ ನಿಲ್ಲಿಸಿ ಅಂತ ನಿಮಗೆ ಹೇಳಿದ್ದೆ. ಆದರೆ ಬೇಸಿಗೆ ಶುರುವಾದರೆ ಬೆಂಗಳೂರಿನ ಎಲ್ಲ ಕಡೆಯಿಂದ ನನಗೆ ಬರುವ ಪ್ರಶ್ನೆ ಇದೇ. ಆದ್ದರಿಂದ ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನಿಮಗೆ ಎರಡು ಭಯ ಇದೆ. ಮಾವನಿಗೆ ಏನಾದರೂ ಆದರೆ ಅನ್ನುವುದು ಒಂದು, ಮರಿ ಸತ್ತುಹೋದರೆ ಅನ್ನುವುದು ಇನ್ನೊಂದು. ಎರಡಕ್ಕೂ ಮೂಲ ಒಂದೇ. ಆ ಗೂಡಿನಲ್ಲಿ ಮರಿಗಳಿವೆ, ಅವು ಹಾರುವ ತನಕ ಈ ಗಲಾಟೆ ಇರುತ್ತದೆ, ಆಮೇಲೆ ತಾನಾಗಿ ನಿಲ್ಲುತ್ತದೆ. ಅಲ್ಲಿಯ ತನಕ ದಿನ ಹೇಗೆ ದೂಡುವುದು ಅನ್ನುವುದೇ ನಿಜವಾದ ಪ್ರಶ್ನೆ.

ಮೊದಲು ಮರಿ. ಫೋಟೋದಲ್ಲಿ ಮೈ ತುಂಬ ಕಂದು ಗರಿ ಬಂದಿದೆ, ಗರಿಯ ತುದಿಗಳಲ್ಲಿ ತಿಳಿ ಬಣ್ಣದ ಚುಕ್ಕೆಗಳಿವೆ. ನೆತ್ತಿಯ ಮೇಲೆ ಇನ್ನೂ ಸ್ವಲ್ಪ ನಯವಾದ ತುಪ್ಪಳ ಉಳಿದಿದೆ, ಬಾಲ ಗಿಡ್ಡ. ಅಂದರೆ ಸುಮಾರು ಐದಾರು ವಾರದ ಮರಿ. ಗೂಡು ಬಿಟ್ಟು ಪಕ್ಕದ ಕೊಂಬೆಗೆ ಕಾಲಿಡುವ ವಯಸ್ಸು ಅದು. ಹಾರಲು ಬರುವುದಿಲ್ಲ, ಆದರೆ ರೆಕ್ಕೆ ಬಡಿದು ಬಡಿದು ನೋಡುತ್ತವೆ. ಗಾಳಿ ಜೋರಾದರೆ ಜಾರಿ ಕೆಳಗೆ ಬರುತ್ತವೆ. ತಂದೆ-ತಾಯಿ ಕೈಬಿಟ್ಟಿವೆ ಅಂತಲ್ಲ. ಬಹುತೇಕ ಸಲ ಅವು ಪಕ್ಕದ ಮರದಲ್ಲೇ ಕೂತು ನೋಡುತ್ತಿರುತ್ತವೆ.

ಇಂಥ ಮರಿ ಸಿಕ್ಕಾಗ ಮೊದಲು ನೋಡಬೇಕಾದ್ದು ಅದಕ್ಕೆ ಪೆಟ್ಟಾಗಿದೆಯಾ ಅಂತ. ದೂರದಿಂದಲೇ ಗೊತ್ತಾಗುತ್ತದೆ. ಎರಡೂ ರೆಕ್ಕೆ ಒಂದೇ ಮಟ್ಟದಲ್ಲಿ ಮಡಚಿಕೊಂಡಿವೆಯಾ, ಒಂದು ಜೋತುಬಿದ್ದಿದೆಯಾ? ಎರಡೂ ಕಾಲಿನ ಮೇಲೆ ಭಾರ ಹಾಕುತ್ತದೆಯಾ? ಹಳೆ ಟವೆಲ್ ಹತ್ತಿರ ತಂದರೆ ಬಿಗಿಯಾಗಿ ಹಿಡಿಯುತ್ತದೆಯಾ? ಬಾಯಿ ತೆರೆದುಕೊಂಡೇ ಉಸಿರಾಡುತ್ತಿದೆಯಾ? ನಿಮ್ಮ ಮರಿ ಟವೆಲನ್ನು ಬಿಡಲೇ ಇಲ್ಲ ಅಂತ ಹೇಳಿದಿರಿ. ಒಳ್ಳೆಯ ಲಕ್ಷಣ.

ಇಂಥ ಮರಿಗೆ ಮನೆ ಬೇಡ, ತಂದೆ-ತಾಯಿ ಬೇಕು. ಮನುಷ್ಯ ಮುಟ್ಟಿದರೆ ತಾಯಿ ಹತ್ತಿರ ಸೇರಿಸುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ಹದ್ದು ತನ್ನ ಮರಿಯನ್ನು ಕಣ್ಣು, ಕಿವಿಯಿಂದ ಗುರುತಿಸುತ್ತದೆ, ವಾಸನೆಯಿಂದಲ್ಲ. ಈ ಒಂದು ಮಾತು ನಂಬಿ ಎಷ್ಟೋ ಜನ ಆರೋಗ್ಯವಾಗಿರುವ ಮರಿಗಳನ್ನು ಡಬ್ಬದಲ್ಲಿ ಹಾಕಿಕೊಂಡು ನನ್ನ ಹತ್ತಿರ ತರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ತರುತ್ತಾರೆ, ಅದಕ್ಕೇ ಇನ್ನೂ ಸಂಕಟ ಆಗುತ್ತದೆ.

ವಾಪಸ್ ಸೇರಿಸುವುದು ಹೀಗೆ. ಒಂದು ಅಗಲವಾದ ಬಿದಿರಿನ ಮಂಕರಿ, ಇಲ್ಲವೇ ತಳದಲ್ಲಿ ತೂತಿರುವ ತರಕಾರಿ ಕ್ರೇಟ್ ತಗೊಳ್ಳಿ. ಒಳಗೆ ಒಣ ಕಡ್ಡಿ ಹಾಸಿ. ಬಟ್ಟೆ, ಹಗ್ಗದ ಚೂರು ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಗೂಡಿನ ಕಡೆಗೆ ಕಾಣುವ ಹಾಗೆ, ಟೆರೇಸಿನ ಎತ್ತರದ ಜಾಗದಲ್ಲಿ ಅದನ್ನು ಭದ್ರವಾಗಿ ಕಟ್ಟಿ. ನಿಮ್ಮ ಸಿಂಟೆಕ್ಸ್ ಟ್ಯಾಂಕಿನ ಪಕ್ಕದ ಕಟ್ಟೆ ಸರಿಹೋಗುತ್ತದೆ. ಅರ್ಧ ಭಾಗಕ್ಕೆ ನೆರಳು ಬೇಕೇ ಬೇಕು. ಏಪ್ರಿಲ್ ಬಿಸಿಲಿಗೆ ಕಾಂಕ್ರೀಟ್ ಎಷ್ಟು ಕಾಯುತ್ತದೆ ಅಂತ ಬರಿಗಾಲಲ್ಲಿ ನಿಂತವರಿಗೆ ಗೊತ್ತು. ಮರಿಯನ್ನು ಎತ್ತುವಾಗ ಮೇಲಿನಿಂದ ದಪ್ಪ ಟವೆಲ್ ಹೊದಿಸಿ, ರೆಕ್ಕೆಗಳನ್ನು ಮೈಗೆ ಒತ್ತಿ, ಕಾಲುಗಳನ್ನು ಟವೆಲಿನ ಒಳಗೇ ಹಿಡಿಯಿರಿ. ಎಲ್ಲರೂ ಕೊಕ್ಕಿಗೆ ಹೆದರುತ್ತಾರೆ, ಆದರೆ ಹದ್ದಿನ ಆಯುಧ ಕಾಲು. ಇದನ್ನು ನೀವು ಮಾಡುವಾಗ ಇನ್ನೊಬ್ಬರು ಕೊಡೆ ಬಿಚ್ಚಿ ನಿಮ್ಮ ತಲೆ ಮೇಲೆ ಹಿಡಿದು ನಿಂತಿರಲಿ.

ಆಮೇಲೆ ಕೆಳಗೆ ಇಳಿದುಬಿಡಿ. ಬಾಗಿಲ ಸಂದಿಯಲ್ಲಿ ನಿಂತು ಫೋಟೋ ತೆಗೆಯುತ್ತಿದ್ದರೆ ಅವು ಹತ್ತಿರ ಬರುವುದಿಲ್ಲ. ಸಂಜೆ ಒಂದು ಸಲ ಮಾತ್ರ ನೋಡಿ. ಮರಿಯ ಕತ್ತಿನ ಬುಡದಲ್ಲಿ, ಎದೆಯ ಮೇಲ್ಭಾಗದಲ್ಲಿ ಒಂದು ಚೀಲ ಇರುತ್ತದೆ. ತಿಂದದ್ದು ಮೊದಲು ಅಲ್ಲಿಗೆ ಹೋಗುತ್ತದೆ. ಹಸಿದ ಮರಿಯಲ್ಲಿ ಆ ಜಾಗ ಚಪ್ಪಟೆ, ಊಟ ಸಿಕ್ಕಿದ್ದರೆ ನಿಂಬೆಹಣ್ಣು ಅಡಗಿಸಿಟ್ಟ ಹಾಗೆ ಉಬ್ಬಿರುತ್ತದೆ. ಉಬ್ಬು ಕಂಡರೆ ನಿಮ್ಮ ಕೆಲಸ ಮುಗಿಯಿತು. ಕತ್ತಲಾಗುವ ತನಕ ಯಾರೂ ಬರಲಿಲ್ಲ, ಚೀಲವೂ ಖಾಲಿ ಅಂದರೆ ಮಾತ್ರ ಮರಿಯನ್ನು ರಕ್ಷಣಾ ಕೇಂದ್ರಕ್ಕೆ ಕಳಿಸಬೇಕು.

ಇನ್ನು ಹಾಲು, ಬ್ರೆಡ್, ಫಿಲ್ಲರಿನ ನೀರು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹಾಲು ಕುಡಿಸುವುದು ಸಸ್ತನಿಗಳ ಕೆಲಸ. ಹಕ್ಕಿಯ ಹೊಟ್ಟೆಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿ ಆಗುತ್ತದೆ, ಇರುವ ನೀರಿನಂಶವೂ ಹೋಗುತ್ತದೆ. ನೀರು ಇನ್ನೂ ಅಪಾಯ. ಹಕ್ಕಿಯ ಬಾಯಿ ತೆರೆದರೆ ನಾಲಿಗೆಯ ಬುಡದಲ್ಲೇ ಸಣ್ಣ ಸೀಳಿನಂಥ ತೂತು ಕಾಣುತ್ತದೆ. ಉಸಿರಿಗೆ ತಕ್ಕ ಹಾಗೆ ತೆರೆದು ಮುಚ್ಚಿಕೊಳ್ಳುತ್ತಿರುತ್ತದೆ. ಅದು ಶ್ವಾಸನಾಳದ ಬಾಯಿ. ಮುಚ್ಚಲು ನಮ್ಮ ಹಾಗೆ ಕಿರುನಾಲಿಗೆಯ ಮುಚ್ಚಳ ಅದಕ್ಕಿಲ್ಲ. ನೀವು ಪ್ರೀತಿಯಿಂದ ಬಿಟ್ಟ ಒಂದು ಫಿಲ್ಲರ್ ನೀರು ಸೀದಾ ಅಲ್ಲಿಗೇ ಇಳಿಯಬಹುದು. ಬೆಳಿಗ್ಗೆ ಚೆನ್ನಾಗಿದ್ದ ಮರಿ ಸಂಜೆಗೆ ಗೊರಗೊರ ಅನ್ನುತ್ತಾ ಬಂದರೆ ಬಹಳ ಸಲ ಕಾರಣ ಇದೇ. ನಿಮ್ಮ ಮರಿಗೆ ಏನೂ ಆಗಿಲ್ಲ ಅನ್ನುವುದು ಪುಣ್ಯ. ಕೆಲವು ಗಂಟೆ ಊಟ, ನೀರು ಇಲ್ಲದೆ ಇದ್ದರೆ ಈ ವಯಸ್ಸಿನ ಮರಿಗೆ ತೊಂದರೆ ಇಲ್ಲ. ಕತ್ತಲು, ಮೌನ, ಗಾಳಿಯಾಡುವ ಡಬ್ಬ. ಅಷ್ಟೇ ಪ್ರಥಮ ಚಿಕಿತ್ಸೆ.

ಸಾಕಬಹುದಾ ಅಂತ ಕೇಳಿದ್ದೀರಿ. ಬೇಡ. ಕಾನೂನು ಒಂದು ಕಾರಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದ್ದನ್ನು ಹಿಡಿದು ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ನನಗೆ ಅದಕ್ಕಿಂತ ದೊಡ್ಡ ಕಾರಣ ಮೂಳೆ. ಮನೆಯಲ್ಲಿ ಸಾಕುವವರು ಬೋನ್‌ಲೆಸ್ ಚಿಕನ್ ತಂದು ಕೊಡುತ್ತಾರೆ, ಮರಿಯೂ ಆಸೆಯಿಂದ ತಿನ್ನುತ್ತದೆ, ದಪ್ಪಗೂ ಆಗುತ್ತದೆ. ಗೂಡಿನಲ್ಲಿ ಅದಕ್ಕೆ ಸಿಗುವುದು ಇಲಿ, ಓತಿಕೇತ, ಸಣ್ಣ ಹಕ್ಕಿ. ಅಂದರೆ ಮೂಳೆ ಸಮೇತ. ಬರೀ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆಳೆಯುವ ಮರಿಗೆ ಒಂದೆರಡು ವಾರದಲ್ಲೇ ಕಾಲು ಬಾಗುತ್ತದೆ, ರೆಕ್ಕೆಯ ಮೂಳೆ ಸುಮ್ನೆ ಕೂತಲ್ಲೇ ಮುರಿಯುತ್ತದೆ. ಎಕ್ಸ್‌ರೇಯಲ್ಲಿ ಅಂಥ ಮೂಳೆ ಮಂಜಿನ ಗೆರೆಯಂತೆ ಕಾಣುತ್ತದೆ. ಆ ಹಕ್ಕಿ ಮತ್ತೆ ಯಾವತ್ತೂ ಸರಿಯಾಗಿ ಹಾರುವುದಿಲ್ಲ. ಜೊತೆಗೆ, ಮನುಷ್ಯರ ಕೈಯಲ್ಲಿ ತಿಂದು ಬೆಳೆದ ಹದ್ದಿಗೆ ಮನುಷ್ಯರ ಭಯ ಇರುವುದಿಲ್ಲ. ಬಿಟ್ಟ ಮೇಲೆ ಅದು ಯಾರದೋ ಮಗುವಿನ ಕೈಯಲ್ಲಿರುವ ಪಫ್‌ಗೆ ಎರಗುತ್ತದೆ, ಜನ ಕಲ್ಲು ಹೊಡೆಯುತ್ತಾರೆ.

ಈಗ ನಿಮ್ಮ ಮಾವನ ವಿಷಯ. ಹದ್ದು ಅವರನ್ನೇ ಯಾಕೆ ಹುಡುಕುತ್ತದೆ? ದಕ್ಷಿಣದಲ್ಲಿ ಹದ್ದುಗಳು ಚಳಿಗಾಲದಲ್ಲಿ ಗೂಡು ಶುರು ಮಾಡುತ್ತವೆ. ಸಾಮಾನ್ಯವಾಗಿ ಎರಡು ಮೂರು ಮೊಟ್ಟೆ, ಕಾವು ಸುಮಾರು ಒಂದು ತಿಂಗಳು, ಮರಿ ಗೂಡು ಬಿಡಲು ಆರರಿಂದ ಎಂಟು ವಾರ. ಮೊಟ್ಟೆ ಇರುವಾಗ ತಂದೆ-ತಾಯಿ ಅಷ್ಟು ಸಿಟ್ಟು ಮಾಡುವುದಿಲ್ಲ. ಮರಿ ದೊಡ್ಡದಾದಷ್ಟೂ ಸಿಟ್ಟು ಜಾಸ್ತಿ. ಅಷ್ಟು ದಿನದ ಶ್ರಮ ಅದರಲ್ಲಿದೆ ಅಲ್ವಾ? ನಿಮ್ಮ ಟೆರೇಸ್ ಗೂಡಿನ ಮಟ್ಟಕ್ಕೇ ಇದೆ. ನೆಲದ ಮೇಲೆ ನಡೆಯುವ ನೂರು ಜನ ಅದಕ್ಕೆ ಲೆಕ್ಕಕ್ಕಿಲ್ಲ. ಗೂಡಿನ ಎತ್ತರಕ್ಕೆ ಬಂದು ಅರ್ಧ ಗಂಟೆ ಅತ್ತಿತ್ತ ಓಡಾಡುವ ಒಬ್ಬರು ಲೆಕ್ಕಕ್ಕಿದ್ದಾರೆ.

ನೀವು ಹೋದರೆ ಬರುವುದಿಲ್ಲ ಅಂದಿರಲ್ಲ, ಅದು ಕಲ್ಪನೆಯಲ್ಲ. ಗೂಡಿಗೆ ತೊಂದರೆ ಕೊಟ್ಟ ಮನುಷ್ಯರನ್ನು ಹದ್ದುಗಳು ಗುರುತಿಟ್ಟುಕೊಂಡು ಅವರ ಮೇಲೇ ಎರಗುವುದು ಪಕ್ಷಿ ವೀಕ್ಷಕರು ಹಿಂದಿನಿಂದ ದಾಖಲಿಸಿರುವ ಸಂಗತಿ. ಮಾವನನ್ನು ಒಮ್ಮೆ ಕೇಳಿ ನೋಡಿ. ಗೂಡು ಕಟ್ಟುವಾಗ ಕೋಲು ಬೀಸಿದ್ದರೋ, ಗೂಡಿನ ಕಡೆಗೆ ಪೈಪಿನಿಂದ ನೀರು ಹೊಡೆದಿದ್ದರೋ ಇರಬಹುದು. ಅವರದು ತಪ್ಪು ಅಂತ ಹೇಳುತ್ತಿಲ್ಲ. ಬೆಳಿಗ್ಗೆ ಹೊತ್ತು ಕುಂಡಗಳ ಮುಂದೆ ಬೆನ್ನು ಬಗ್ಗಿಸಿ ನಿಲ್ಲುವುದೂ ಸಾಕು. ಹದ್ದು ಎರಗುವುದು ಹೆಚ್ಚಾಗಿ ಹಿಂದಿನಿಂದ, ತನ್ನ ಕಡೆ ನೋಡದವರ ಮೇಲೆ.

ದೆಹಲಿಯ ಹದ್ದುಗಳ ಮೇಲೆ ನಡೆದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಜನರ ಮೇಲೆ ಹದ್ದು ಎರಗುವುದಕ್ಕೂ, ಸುತ್ತ ಬಿದ್ದಿರುವ ಕಸ ಮತ್ತು ಜನ ಪುಣ್ಯಕ್ಕೆ ಎಸೆಯುವ ಮಾಂಸಕ್ಕೂ ನೇರ ನಂಟಿದೆ ಅನ್ನುವುದು ಅದರ ತಿರುಳು. ನನ್ನ ಅನುಭವವೂ ಅದೇ. ಬೆಂಗಳೂರಿನಲ್ಲಿ ಕೆ.ಆರ್. ಮಾರುಕಟ್ಟೆ, ರಸೆಲ್ ಮಾರ್ಕೆಟ್ ಸುತ್ತ ಹದ್ದುಗಳು ತುಂಬಿರುವುದು ಮಾಂಸದ ಅಂಗಡಿಗಳ ತ್ಯಾಜ್ಯದಿಂದ. ಅಲ್ಲಿ ಅವು ಕಸ ಕಡಿಮೆ ಮಾಡುತ್ತವೆ, ಇಲಿ ಹಿಡಿಯುತ್ತವೆ. ಆದರೆ ಟೆರೇಸಿನಿಂದ ಕೋಳಿ ಚೂರು ಎಸೆದರೆ ಅವು ಕಲಿಯುವ ಪಾಠ ಬೇರೆ: ಟೆರೇಸಿನ ಮೇಲೆ ಬರುವ ಮನುಷ್ಯರ ಕೈಯಲ್ಲಿ ಊಟ ಇರುತ್ತದೆ. ಹತ್ತಿರ ಬರುವ ಧೈರ್ಯ ಹೀಗೆ ಬರುತ್ತದೆ. ನಿಮ್ಮ ಸಮಸ್ಯೆಯಲ್ಲಿ ಬದಲಾಯಿಸಬಹುದಾದ ದೊಡ್ಡ ವಿಷಯ ಇದೇ ಅಂತ ನನ್ನ ಅಭಿಪ್ರಾಯ. ಹಿಂದಿನ ಮನೆಯವರ ಜೊತೆ ಜಗಳ ಬೇಡ. ಅವರೂ ಹಕ್ಕಿ ಮೇಲಿನ ಪ್ರೀತಿಯಿಂದಲೇ ಮಾಡುತ್ತಿದ್ದಾರೆ. ನಿಮ್ಮ ಅತ್ತೆ-ಮಾವ ಇಬ್ಬರೂ ಹೋಗಿ ಗಾಯ ತೋರಿಸಿ, ಒಂದೆರಡು ತಿಂಗಳ ಮಟ್ಟಿಗೆ ನಿಲ್ಲಿಸಿ ಅಂತ ಕೇಳಲಿ. ಮಸಾಲೆ ಹಚ್ಚಿದ ಚೂರು, ಪ್ಲಾಸ್ಟಿಕ್ ಕವರಿಗೆ ಅಂಟಿದ ಚೂರು ಮರಿಗಳ ಹೊಟ್ಟೆಗೆ ಹೋಗುತ್ತಿದೆ ಅಂತಲೂ ಹೇಳಲಿ. ಹಕ್ಕಿಗೆ ಏನಾದರೂ ಇಡಲೇಬೇಕು ಅಂದರೆ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ದಿನಾ ತೊಳೆದು ಬದಲಾಯಿಸಲಿ.

ರೇಬೀಸ್ ಬಗ್ಗೆ ನಿಶ್ಚಿಂತೆಯಿಂದಿರಿ. ರೇಬೀಸ್ ನಾಯಿ, ಬೆಕ್ಕು, ಕೋತಿ, ಬಾವಲಿಯಂಥ ಸಸ್ತನಿಗಳಿಂದ ಬರುತ್ತದೆ. ಹಕ್ಕಿ ಪರಚಿದರೆ ಬರುವುದಿಲ್ಲ, ಆ ಇಂಜೆಕ್ಷನ್ ಬೇಡ. ಆದರೆ ಹದ್ದಿನ ಉಗುರು ಕೊಳೆತ ಮಾಂಸ, ಕಸ ಎಲ್ಲವನ್ನೂ ಹಿಡಿದಿರುತ್ತದೆ. ಹರಿಯುವ ನಲ್ಲಿ ನೀರಿನಲ್ಲಿ ಸೋಪು ಹಾಕಿ ಹತ್ತು-ಹದಿನೈದು ನಿಮಿಷ ತೊಳೆಯಬೇಕು. ಟಿಟಿ ಹಾಕಿಸಿ ಎಷ್ಟು ವರ್ಷ ಆಗಿದೆ ಅಂತ ವೈದ್ಯರಿಗೆ ಹೇಳಿ. ಮಾವನಿಗೆ ಶುಗರ್ ಇರುವುದರಿಂದ ಗಾಯ ಸಣ್ಣದಾದರೂ ಒಮ್ಮೆ ತೋರಿಸಿಯೇ ಬಿಡಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕಣ್ಣಿನ ಹತ್ತಿರ ಗಾಯವಾದರೆ ಮನೆಮದ್ದು ಬೇಡ, ಆ ಕೂಡಲೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ನಿಜ ಹೇಳಬೇಕೆಂದರೆ ಉಗುರಿಗಿಂತ ನನಗೆ ಹೆಚ್ಚು ಭಯ ಇರುವುದು ಬೀಳುವುದರ ಬಗ್ಗೆ. ಹದ್ದು ಬಂತು ಅಂತ ಗಾಬರಿಯಲ್ಲಿ ಹಿಂದಕ್ಕೆ ಹೆಜ್ಜೆ ಇಟ್ಟು, ಕುಂಡಕ್ಕೆ ಎಡವಿ, ಮೊಣಕಾಲೆತ್ತರದ ಪ್ಯಾರಾಪೆಟ್ ಕಡೆಗೆ ಬಿದ್ದರೆ ಏನು ಗತಿ?

ನಿಮ್ಮ ಅತ್ತೆಯವರಿಗೆ ಒಂದು ಮಾತು. ಅಮ್ಮಾ, ನಿಮಗೆ ಸಮಾಧಾನ ಆಗುತ್ತದೆ ಅಂದರೆ ದೇವಸ್ಥಾನಕ್ಕೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬನ್ನಿ. ಆದರೆ ಇದು ಕೇಡಿನ ಸೂಚನೆ ಅಂತ ರಾತ್ರಿ ನಿದ್ದೆಗೆಡಬೇಡಿ. ಕರು ಹಾಕಿದ ಹಸು ಹೊಸಬರನ್ನು ಹತ್ತಿರ ಬಿಡುವುದಿಲ್ಲ, ತಿವಿಯಲು ಬರುತ್ತದೆ. ಅದನ್ನು ನಾವು ಅಪಶಕುನ ಅನ್ನುವುದಿಲ್ಲ, ಬಾಣಂತಿ ಹಸು ಅನ್ನುತ್ತೇವೆ. ಮಗುವನ್ನು ಎತ್ತಿಕೊಂಡು ಹೋಗುತ್ತದೆ ಅನ್ನುವ ಭಯವೂ ಬೇಡ. ರೆಕ್ಕೆ ಬಿಚ್ಚಿದರೆ ನಾಲ್ಕೂವರೆ ಅಡಿ ಕಾಣುವ ಈ ಹಕ್ಕಿಯ ತೂಕ ಒಂದು ಕಿಲೋ ಕೂಡ ಇರುವುದಿಲ್ಲ.

ಪಟಾಕಿ, ಕೋಲು, ಗೂಡು ಕೀಳುವುದು: ಮೂರೂ ಬೇಡ. ಪಟಾಕಿ ಸದ್ದಿಗೆ ದೊಡ್ಡ ಹದ್ದುಗಳು ಹಾರಿ ಮತ್ತೆ ಬರುತ್ತವೆ. ಗಾಬರಿಯಲ್ಲಿ ಕೆಳಗೆ ಬೀಳುವುದು ಹಾರಲಾರದ ಮರಿ. ಆಮೇಲೆ ನೆಲದ ಮೇಲೆ ಮರಿ, ಸುತ್ತ ಬೀದಿನಾಯಿ, ಮೇಲೆ ಸಿಟ್ಟಿಗೆದ್ದ ತಂದೆ-ತಾಯಿ. ಪಾರ್ಕಿಗೆ ಬರುವ ಎಲ್ಲರಿಗೂ ಹೊಡೆತ ಬೀಳುತ್ತದೆ. ಕಾನೂನಿನಲ್ಲಿ ಗೂಡು ಮತ್ತು ಮೊಟ್ಟೆಗೆ ತೊಂದರೆ ಕೊಡುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಮರ ಪಾರ್ಕಿನದು, ಅದರ ಕೊಂಬೆ ಕಡಿಯುವುದಕ್ಕೆ ಪಾಲಿಕೆಯ ಅನುಮತಿ ಬೇಕು. ಯಾರೋ ಮರ ಕಡಿಯುವವರನ್ನು ಕರೆಸಿ ಐನೂರು ಕೊಟ್ಟು ಮುಗಿಸುವ ಕೆಲಸ ಅಲ್ಲ. ಮರಿಗಳಿರುವಾಗ ಅನುಮತಿ ಕೇಳುವುದೂ ಬೇಡ.

ಸದ್ಯಕ್ಕೆ ಮಾಡಬೇಕಾದ್ದು ಬಹಳ ಸರಳ. ಮರಿಗಳು ಹಾರುವ ತನಕ ಮಾವ ಟೆರೇಸಿಗೆ ಹೋಗುವುದು ಬೇಡ, ಕುಂಡಗಳ ಕೆಲಸ ನೀವೋ ಮಕ್ಕಳೋ ಮಾಡಿ. ಅವರಿಗೆ ಅದು ಬೇಜಾರು, ನನಗೆ ಗೊತ್ತು. ಗಿಡಗಳೇ ಅವರ ಬೆಳಗಿನ ಹೊತ್ತು. ಅದಕ್ಕೆ ಮೆಟ್ಟಿಲ ಬಾಗಿಲ ಹತ್ತಿರಕ್ಕೆ, ಗೂಡಿನಿಂದ ದೂರದ ಮೂಲೆಗೆ ಆದಷ್ಟು ಕುಂಡ ಸರಿಸಿ. ಅವರು ಹೋಗಲೇಬೇಕು ಅಂದರೆ ಬಿಚ್ಚಿದ ಕೊಡೆ ಹಿಡಿದು ಹೋಗಲಿ. ಕೊಡೆ ಬೀಸುವುದು ಬೇಡ, ಸುಮ್ನೆ ಹಿಡಿದಿದ್ದರೆ ಸಾಕು. ಎರಡೂ ಕೈ ಬೇಕಾದಾಗ ಬೈಕಿನ ಹೆಲ್ಮೆಟ್. ಮುಖ ಗೂಡಿನ ಕಡೆಗೇ ಇರಲಿ. ಎರಗುವ ಮುಂಚೆ ಹದ್ದು ಸಾಮಾನ್ಯವಾಗಿ ಕಿರುಚುತ್ತದೆ, ಎಳೆದ ಸಿಳ್ಳೆಯಂಥ ಕೂಗು, ಕೊನೆಗೆ ಅದು ನಡುಗುತ್ತದೆ. ಆ ಕೂಗು ಕೇಳಿದರೆ ಓಡದೆ, ಗೋಡೆಗೆ ಬೆನ್ನು ಕೊಟ್ಟು ನಿಧಾನ ಬಾಗಿಲ ಕಡೆ ಬರಬೇಕು.

ಇದು ಎಷ್ಟು ದಿನ? ನಿಮ್ಮ ಫೋಟೋ ನೋಡಿದರೆ ಮರಿ ಸರಿಯಾಗಿ ಹಾರಲು ಇನ್ನು ಎರಡು ಮೂರು ವಾರ. ಹಾರಿದ ಮೇಲೂ ಕೆಲವು ವಾರ ತಂದೆ-ತಾಯಿ ಊಟ ಕೊಡುತ್ತವೆ, ಆದರೆ ಆಗ ಮರಿ ಒಂದೇ ಕಡೆ ಕೂತಿರುವುದಿಲ್ಲ. ಎರಗುವುದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ.

ಮರಿಯ ರೆಕ್ಕೆ ಜೋತುಬಿದ್ದರೆ, ರಕ್ತ ಕಂಡರೆ, ಅಥವಾ ಮಾಂಜಾ ದಾರ ಸುತ್ತಿಕೊಂಡಿದ್ದರೆ ಕೂಡಲೇ ಸಹಾಯ ಬೇಕು. ದಾರವನ್ನು ಎಳೆಯಲೇಬೇಡಿ, ಅದು ಒಳಗೆ ಇನ್ನೂ ಕೊಯ್ಯುತ್ತದೆ. ಮೈಗೆ ಅಂಟಿದ್ದನ್ನು ಹಾಗೇ ಬಿಟ್ಟು, ಹೊರಗಿನ ಉದ್ದ ಮಾತ್ರ ಕತ್ತರಿಸಿ ಡಬ್ಬದಲ್ಲಿಡಿ. ಆಷಾಢದ ಗಾಳಿಗೆ ಗಾಳಿಪಟ ಏರಿದಾಗ ನಮ್ಮಲ್ಲಿ ಇಂಥವೇ ಸಾಲು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ನಿಷೇಧಿಸಿದೆ. ಆದರೂ ಅದೇ ದಾರ ಮರಗಳಲ್ಲಿ ವರ್ಷಗಟ್ಟಲೆ ನೇತಾಡುತ್ತದೆ. ಹದ್ದುಗಳು ಗೂಡಿಗೆ ಚಿಂದಿ, ತಂತಿಯ ಜೊತೆ ಅದನ್ನೂ ತಂದು ಹಾಸುತ್ತವೆ. ನಿಮ್ಮ ಟೆರೇಸಿನಲ್ಲಿ ಒಂದು ಗೇಣು ಸಿಕ್ಕರೂ ಸುತ್ತಿ ಕಸಕ್ಕೆ ಹಾಕಿ. ಗಾಯವಾದ ಹಕ್ಕಿಗೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ಪಾಲಿಕೆಯ ಅರಣ್ಯ ಘಟಕಕ್ಕೂ ಹೇಳಬಹುದು.

ಇನ್ನು ಮುಂದಿನ ವರ್ಷ. ಹದ್ದುಗಳು ಹಳೆಯ ಗೂಡನ್ನೇ ರಿಪೇರಿ ಮಾಡಿ ಮತ್ತೆ ಬಳಸುವುದು ಸಾಮಾನ್ಯ, ಹಾಗಾಗಿ ಈ ಡಿಸೆಂಬರಿನಲ್ಲಿ ಅವು ವಾಪಸ್ ಬಂದರೆ ಆಶ್ಚರ್ಯ ಇಲ್ಲ. ಟೆರೇಸಿನ ಕಡೆಗೆ ಚಾಚಿರುವ ಆ ಕೊಂಬೆಯೊಂದನ್ನು ಸವರಿಸಲು ಮಳೆಗಾಲದಲ್ಲಿ ಪಾಲಿಕೆಯ ಅರಣ್ಯ ಘಟಕಕ್ಕೆ ಅರ್ಜಿ ಕೊಡಬಹುದು. ಅವು ಅದೇ ಮರದ ಇನ್ನೊಂದು ಕೊಂಬೆಗೆ ಹೋಗಬಹುದು, ಆದರೆ ಇಪ್ಪತ್ತು ಅಡಿ ನಲವತ್ತಾದರೂ ನಿಮಗೆ ಬಹಳ ವ್ಯತ್ಯಾಸ ಆಗುತ್ತದೆ. ಅರ್ಜಿಗೆ ಮುಂಚೆ ಗೂಡು ಖಾಲಿ ಇದೆಯಾ ಅಂತ ಎರಡು ಮೂರು ದಿನ ಬೆಳಿಗ್ಗೆ ನೋಡಿ. ಕೆಲವು ಜೋಡಿಗಳು ತಡವಾಗಿ ಮೊಟ್ಟೆ ಇಡುತ್ತವೆ, ಜೂನ್ ಬಂದರೂ ಒಳಗೆ ಮರಿ ಇರಬಹುದು.